ಮಳೆ ಪುಸ್ತಕದ ಕೋಡ್ ಹಿಡಿದು ಕಾನ್ಫರೆನ್ಸಿಗೆ

ಕೊಡಗಿನಲ್ಲಿ ಮಳೆ ಲೆಕ್ಕ ಇಡದ ಕಾಫಿ ತೋಟ ಕಡಿಮೆ. ಮರದ ನೆರಳು ಬೀಳದ ಬಯಲಲ್ಲಿ ಒಂದು ಮಳೆ ಮಾಪಕ ನಿಂತಿರುತ್ತದೆ. ಬೆಳಿಗ್ಗೆ ಮನೆಯವರು ಯಾರಾದರೂ ಹೋಗಿ, ಒಳಗಿನ ಬಾಟಲಿಯಲ್ಲಿ ಸೇರಿದ ನೀರನ್ನು ಅಳತೆ ಗ್ಲಾಸಿಗೆ ಸುರಿದು ನೋಡಿ, ಪುಸ್ತಕದಲ್ಲಿ ಬರೆಯುತ್ತಾರೆ. ಲೆಕ್ಕ ಇಂಚು, ಸೆಂಟ್‌ನಲ್ಲಿ. ಒಂದು ಇಂಚಿಗೆ 100 ಸೆಂಟ್. ಪೇಪರಿನಲ್ಲಿ ಮಿಲಿಮೀಟರ್ ಅಂತ ಬಂದರೂ, ಫೋನಿನಲ್ಲಿ ಕೇಳುವುದು "ನಿಮ್ಮಲ್ಲಿ ಎಷ್ಟು ಸೆಂಟ್ ಬಂತು?" ಅಂತಲೇ. ಹೂಮಳೆ ಸಮಯದಲ್ಲಂತೂ ಈ ಪ್ರಶ್ನೆ ಜಾಸ್ತಿ. ಫೆಬ್ರವರಿ, ಮಾರ್ಚ್‌ನಲ್ಲಿ ಒಂದು ಇಂಚಿನ ಆಸುಪಾಸು ಮಳೆ ಬಿದ್ದರೆ ರೊಬಸ್ಟಾ ಕಾಫಿ ಹೂ ಬಿಡುತ್ತದೆ. ಅದಾದ ಮೇಲೆ ಬ್ಯಾಕಿಂಗ್ ಮಳೆ, ಅಂದರೆ ಹೂ ಕಾಯಿ ಕಟ್ಟಲು ಬೇಕಾದ ಎರಡನೇ ಮಳೆ, ಸರಿಯಾದ ಹೊತ್ತಿಗೆ ಬರಬೇಕು. ಇಡೀ ವರ್ಷದ ಫಸಲು ಇದರ ಮೇಲೆ ನಿಂತಿದೆ ಅಂದ ಮೇಲೆ, ಸೆಂಟ್ ಸೆಂಟಿನ ಲೆಕ್ಕ ಇಡದೇ ಆಗುತ್ತದಾ?

ಈ ಪುಸ್ತಕವನ್ನು ಕಂಪ್ಯೂಟರಿಗೂ ಫೋನಿಗೂ ತರುವ ಸಣ್ಣ ತಂತ್ರಾಂಶ ನಮ್ಮದು. ವಿರಾಜಪೇಟೆ ಕಡೆಯ ನಾನು, ಸಿದ್ದಾಪುರದ ಒಬ್ಬ ಗೆಳತಿ, ಗೋಣಿಕೊಪ್ಪದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ಒಬ್ಬರು ಅಣ್ಣ, ಇಷ್ಟು ಜನ ಸೇರಿ ಬರೆದದ್ದು. ಪೈಥಾನ್‌ನಲ್ಲಿದೆ, ದತ್ತಾಂಶ ಎಲ್ಲ ಎಸ್‌ಕ್ಯೂಲೈಟ್ ಅನ್ನುವ ಸಣ್ಣ ಡೇಟಾಬೇಸಿನ ಒಂದೇ ಒಂದು ಫೈಲಿನಲ್ಲಿ ಕೂರುತ್ತದೆ, ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ. ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಹೋಗುವ ಊರಿನಲ್ಲಿ ಬೇರೆ ಥರ ಬರೆಯುವುದರಲ್ಲಿ ಅರ್ಥವೇ ಇರಲಿಲ್ಲ. ಯಾರು ಬೇಕಾದರೂ ಬಳಸಿ, ಬದಲಿಸಿ, ಹಂಚಬಹುದು ಅನ್ನುವ ಜಿಪಿಎಲ್ ಲೈಸೆನ್ಸ್ ಹಾಕಿ ಕೋಡ್ ತೆರೆದಿಟ್ಟೆವು. ಅಕ್ಕಪಕ್ಕದ ತೋಟದವರು ಬಳಸತೊಡಗಿದರು, ಅವರಿಂದ ಕೇಳಿ ಇನ್ನೂ ಕೆಲವರು ಬಂದರು.

ಬಳಸುವವರು ಹೀಗೆ ಬಂದರು, ಕೋಡ್ ಬರೆಯುವವರು ಮಾತ್ರ ನಾವಷ್ಟೇ ಉಳಿದೆವು. ಕೋಡ್ ತೆರೆದಿಟ್ಟರೆ ಯಾರೋ ಒಬ್ಬರು ಬಂದು ಕೈಜೋಡಿಸುತ್ತಾರೆ ಅಂತ ಎಲ್ಲರೂ ಹೇಳುತ್ತಾರೆ. ಹಾಗೆ ತಾವಾಗಿಯೇ ಯಾರೂ ಬರುವುದಿಲ್ಲ. ಇಂಥದ್ದೊಂದು ಇದೆ ಅಂತ ಅವರಿಗೆ ಗೊತ್ತಾಗಬೇಕು, ನೋಡಿದ ಕೂಡಲೇ ಎಲ್ಲಿ ಕೈ ಹಾಕಬಹುದು ಅಂತ ಕಾಣಬೇಕು, ಆಚೆ ಕಡೆ ಇರುವವರು ಮಾತಿಗೆ ಸಿಗುವ ಜನ ಅಂತ ನಂಬಿಕೆ ಬರಬೇಕು. ಇವು ಮೂರೂ ಒಂದೇ ಕಡೆ ಆಗುವ ಜಾಗ ಓಪನ್ ಸೋರ್ಸ್, ಅಂದರೆ ಕೋಡ್ ತೆರೆದಿಟ್ಟ ತಂತ್ರಾಂಶದ ಜನ ಸೇರುವ ಕಾನ್ಫರೆನ್ಸ್. ಅದಕ್ಕೇ ಹೊರಟೆವು. ಚಪ್ಪಾಳೆ ಬೇಕಿರಲಿಲ್ಲ, ಕೈಗಳು ಬೇಕಿದ್ದವು.

ಬೆಂಗಳೂರಿನಲ್ಲಿ ತುಂಬ ವರ್ಷ ಕೆಲಸ ಮಾಡಿ ಈಗ ಪೊನ್ನಂಪೇಟೆ ಹತ್ತಿರ ತೋಟ ನೋಡಿಕೊಂಡಿರುವ ಹಿರಿಯರೊಬ್ಬರು ನಮಗೆ ಮೊದಲು ದಾರಿ ಹೇಳಿದವರು. ಅವರದು ಲಿನಕ್ಸ್ ಬೆಂಗಳೂರು ಕಾಲದ ನೆನಪು. 2001ರಲ್ಲಿ ಆ ಹೆಸರಿನಲ್ಲಿ ಶುರುವಾದ ಸಮ್ಮೇಳನ 2005ರಲ್ಲಿ ಫಾಸ್ ಡಾಟ್ ಇನ್ ಅಂತ ಹೆಸರು ಬದಲಿಸಿಕೊಂಡು 2012ರ ತನಕ ನಡೆಯಿತು. ಕೊನೆಕೊನೆಗೆ ಅಲ್ಲಿ ಬರೀ ಭಾಷಣ ಕಡಿಮೆ ಮಾಡಿ, ಅಲ್ಲೇ ಕೂತು ಕೋಡ್ ಬರೆಯುವ ಬೈಠಕ್‌ಗಳಿಗೆ ಒತ್ತು ಕೊಟ್ಟಿದ್ದರಂತೆ. "ಕೇಳಿಸಿಕೊಂಡು ಹೋಗುವವರು ಸಾವಿರ ಇರ್ತಾರೆ. ನಿಮ್ಮ ಪಕ್ಕ ಕುರ್ಚಿ ಎಳ್ಕೊಂಡು ಕೂರೋ ಒಬ್ಬರನ್ನ ಹುಡುಕಿ," ಅಂದರು. ನಾವು ಮುಂದೆ ಮಾಡಿದ್ದೆಲ್ಲ ಈ ಮಾತಿನ ಹಿಂದೆಯೇ ಹೋಯಿತು.

ಮೊದಲು ನೋಡಿದ ದೊಡ್ಡ ಸಮ್ಮೇಳನ ಡೆಬ್‌ಕಾನ್ಫ್. ಡೆಬಿಯನ್ ಅನ್ನುವ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಕಟ್ಟುವ ಯೋಜನೆಯವರು ವರ್ಷಕ್ಕೊಮ್ಮೆ ಒಂದೊಂದು ದೇಶದಲ್ಲಿ ನಡೆಸುವ ಸಮ್ಮೇಳನ ಅದು. 2023ರ ಸೆಪ್ಟೆಂಬರ್‌ನಲ್ಲಿ ಮೊದಲ ಸಲ ಭಾರತಕ್ಕೆ ಬಂತು, ಅದೂ ಕೊಚ್ಚಿಗೆ. ಕೊಡಗಿನವರಿಗೆ ಇದಕ್ಕಿಂತ ಹತ್ತಿರ ಏನು ಬೇಕು? ವಿರಾಜಪೇಟೆಯಿಂದ ಪೆರುಂಬಾಡಿ, ಮಾಕುಟ್ಟ ಘಾಟಿ ಇಳಿದು ಇರಿಟ್ಟಿ, ಅಲ್ಲಿಂದ ತಲಶ್ಶೇರಿ, ಆಮೇಲೆ ರೈಲು. ಬೆಂಗಳೂರಿಗೆ ಹೋದ ಹಾಗೇ. ನಮ್ಮ ಜಿಲ್ಲೆಯಲ್ಲಿ ರೈಲು ಇಲ್ಲ ಅಂತ ಬೇಜಾರು ಮಾಡಿಕೊಳ್ಳುವವರಿಗೆ ತಲಶ್ಶೇರಿ ಸ್ಟೇಷನ್ ನೆನಪಿಸಬೇಕು.

ಅಲ್ಲಿ ನಮ್ಮದೇನೂ ಮಾತು ಇರಲಿಲ್ಲ. ನೋಡಿ ಕಲಿಯಲು ಹೋದದ್ದು. ಸುಮಾರು 35 ದೇಶಗಳ ನಾನೂರಕ್ಕೂ ಹೆಚ್ಚು ಜನ ಸೇರಿದ್ದರು. ನನಗೆ ಹೆಚ್ಚು ಹಿಡಿಸಿದ್ದು ಅಲ್ಲಿ ಕೆಲಸ ಹಂಚಿಕೊಂಡಿದ್ದ ರೀತಿ. ಕ್ಯಾಮೆರಾ ಹಿಂದೆ ನಿಲ್ಲುವವರು, ಮೈಕಿನ ಸದ್ದು ಸರಿ ಮಾಡುವವರು, ಮಾತುಗಾರರನ್ನು ಪರಿಚಯಿಸುವವರು, ಎಲ್ಲರೂ ಸ್ವಯಂಸೇವಕರು. ಬೆಳಿಗ್ಗೆ ವೇದಿಕೆ ಮೇಲೆ ಮಾತಾಡಿದವರು ಮಧ್ಯಾಹ್ನ ಕ್ಯಾಮೆರಾ ಹಿಡಿದಿರುತ್ತಾರೆ. ನಾನೂ ಹೆಸರು ಕೊಟ್ಟು ಒಂದು ಹೊತ್ತು ಕ್ಯಾಮೆರಾ ಹಿಂದೆ ನಿಂತೆ. ಹೊಸಬರಿಗೆ ಪರಿಚಯ ಆಗಬೇಕು ಅಂದ್ರೆ ಇದಕ್ಕಿಂತ ಸುಲಭದ ದಾರಿ ಇಲ್ಲ. ಕೆಲಸ ಹಂಚಿಕೊಂಡವರ ಜೊತೆ ಮಾತು ತಾನಾಗಿ ಬರುತ್ತದೆ.

ಇನ್ನೊಂದು, ಬಾಫ್ ಅಂತ ಕರೆಯುವ ಕೂಟಗಳು. ಒಂದೇ ವಿಷಯದಲ್ಲಿ ಆಸಕ್ತಿ ಇರುವವರು ಒಂದು ಕೋಣೆಯಲ್ಲಿ ಸುತ್ತ ಕೂತು ಮಾತಾಡುವುದು. ಭಾಷಣ ಇಲ್ಲ, ಸ್ಲೈಡ್ ಇಲ್ಲ. ಯಾರೋ ಒಬ್ಬರು ಮಾತಿನ ಸಾರ ಬರೆದುಕೊಳ್ಳುತ್ತಿರುತ್ತಾರೆ.

ನಮ್ಮ ಹಳೆಯ ತಲೆನೋವೊಂದು ಅಲ್ಲೇ ಬಗೆಹರಿಯಿತು. ವರ್ಷದ ಮಳೆ ಪಟ್ಟಿಯನ್ನು ಪಿಡಿಎಫ್ ಮಾಡಿದರೆ ಕನ್ನಡ ಒಡೆದು ಬರುತ್ತಿತ್ತು. ಗೋಣಿಕೊಪ್ಪ ಅಂತ ಇರಬೇಕಾದ ಕಡೆ ಒತ್ತು ಕೆಳಗೆ ಹೋಗದೆ "ಗೋಣಿಕೊಪ್‌ಪ" ಅಂತ ಪಕ್ಕಕ್ಕೆ ಬಂದು ನಿಲ್ಲುತ್ತಿತ್ತು. ನಾಪೋಕ್ಲುವಿನ ಗತಿಯೂ ಅದೇ. ತೋಟದ ಹಿರಿಯರ ಕೈಗೆ ಇಂಥ ಕಾಗದ ಕೊಡಲು ಮನಸ್ಸು ಬರುತ್ತಿರಲಿಲ್ಲ. ತಮ್ಮ ಊರಿನ ಹೆಸರು ಒಡೆದು ಬಂದ ಪಟ್ಟಿಯಲ್ಲಿ ಅಂಕಿ ಮಾತ್ರ ಸರಿ ಇದೆ ಅಂತ ಅವರಾದರೂ ಹೇಗೆ ನಂಬಬೇಕು? ಹ್ಯಾಕ್‌ಲ್ಯಾಬ್‌ನಲ್ಲಿ, ಅಂದರೆ ಯಾರು ಬೇಕಾದರೂ ಕೂತು ಕೆಲಸ ಮಾಡುವ ದೊಡ್ಡ ಕೋಣೆಯಲ್ಲಿ, ಮಲಯಾಳಂ ಫಾಂಟುಗಳ ಕೆಲಸ ಗೊತ್ತಿದ್ದ ಒಬ್ಬರು ಪಕ್ಕದಲ್ಲಿ ಕೂತಿದ್ದರು. ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದೆ. ನೋಡಿದ ಕೂಡಲೇ ಹೇಳಿದರು: "ಫಾಂಟ್ ಸರಿಯಿದೆ. ಅಕ್ಷರ ಜೋಡಿಸುವ ಕೆಲಸ ಯಾರೂ ಮಾಡ್ತಾ ಇಲ್ಲ." ಕನ್ನಡ, ಮಲಯಾಳಂನಂಥ ಲಿಪಿಗಳಲ್ಲಿ ಯಾವ ಅಕ್ಷರದ ಪಕ್ಕ ಯಾವುದು ಬಂದರೆ ಯಾವ ರೂಪ ಆಗಬೇಕು ಅಂತ ಲೆಕ್ಕ ಹಾಕಲು ಬೇರೆಯೇ ಒಂದು ಎಂಜಿನ್ ಬೇಕು. ಹಾರ್ಫ್‌ಬಜ್ ಅಂತ ಅದರ ಹೆಸರು. ಫೈರ್‌ಫಾಕ್ಸ್, ಕ್ರೋಮ್, ಲಿಬ್ರೆಆಫೀಸ್ ಎಲ್ಲದರ ಒಳಗೂ ಅದೇ ಕೂತಿದೆ. ನಾವು ಬಳಸುತ್ತಿದ್ದ ಪಿಡಿಎಫ್ ಲೈಬ್ರರಿ, ಅಂದರೆ ಪಿಡಿಎಫ್ ಮಾಡಿಕೊಡುವ ಸಿದ್ಧ ಕೋಡ್, ಅದನ್ನು ಕೇಳುತ್ತಲೇ ಇರಲಿಲ್ಲ. ಪ್ಯಾಂಗೋ ಮೂಲಕ ಹಾರ್ಫ್‌ಬಜ್ ಬಳಸುವ ಇನ್ನೊಂದು ಲೈಬ್ರರಿಗೆ ಬದಲಿಸಿದ ಕೂಡಲೇ ಗೋಣಿಕೊಪ್ಪದ ಒತ್ತು ತನ್ನ ಜಾಗಕ್ಕೆ ಬಂತು. ಮನೆಯಲ್ಲಿ ಕೂತು ಹುಡುಕಿದ್ದರೆ ಎಷ್ಟು ಕಾಲ ಹಿಡಿಯುತ್ತಿತ್ತೋ. ಆ ಮನುಷ್ಯ ಹೆಸರನ್ನೂ ದೊಡ್ಡದಾಗಿ ಹೇಳಿಕೊಳ್ಳದೆ ಎದ್ದು ಊಟಕ್ಕೆ ಹೋದರು. ಅವರ ಉಪಕಾರ ನಾನು ಮರೆಯುವುದಿಲ್ಲ.

ವಾಪಸು ಬರುವ ಹೊತ್ತಿಗೆ ಕೋಳಿಕ್ಕೋಡಿನಲ್ಲಿ ನಿಪಾ ಸುದ್ದಿ ಎದ್ದಿತ್ತು. ರೈಲಿನಲ್ಲಿ ಮಾಸ್ಕ್ ಹಾಕಿಕೊಂಡೇ ಬಂದೆವು.

ನಮ್ಮದೇ ಮಾತು ಕೊಡಬೇಕು ಅಂತ ತೀರ್ಮಾನವಾದದ್ದು ಆಮೇಲೆ. ಇಲ್ಲಿ ಪ್ರಪೋಸಲ್, ಅಂದರೆ ಮಾತಾಡಲು ಅವಕಾಶ ಕೇಳುವ ಅರ್ಜಿ, ಬರೆಯುವ ಕೆಲಸದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಸಮ್ಮೇಳನಕ್ಕೆ ಹೋಗದೇ ಇದ್ದರೂ ಪ್ರಾಜೆಕ್ಟಿಗೆ ಲಾಭ ಕೊಡುವ ಕೆಲಸ ಇದು. ಅರ್ಜಿಯಲ್ಲಿ ಕೇಳುವುದು ಬಹಳ ಇಲ್ಲ. ಮಾತಿನ ಹೆಸರು, ಎರಡು ಪ್ಯಾರಾ ವಿವರ, ಯಾರಿಗಾಗಿ ಈ ಮಾತು, ಕೇಳಿದವರು ಏನು ತಿಳಿದುಕೊಂಡು ಹೋಗುತ್ತಾರೆ, ಕೋಡ್ ಎಲ್ಲಿದೆ, ಲೈಸೆನ್ಸ್ ಯಾವುದು. ಮೊದಲ ಕರಡಿನಲ್ಲಿ ನಮ್ಮ ತಂತ್ರಾಂಶ ಏನೇನು ಮಾಡುತ್ತದೆ ಅಂತ ಪಟ್ಟಿ ಇತ್ತು. ಒಂದು ಸಮ್ಮೇಳನದವರು ಅದನ್ನು ಒಪ್ಪಲಿಲ್ಲ. ಆದರೆ ಪರಿಶೀಲಿಸಿದವರು ಒಂದು ಸಾಲು ಬರೆದಿದ್ದರು: ಕಾಫಿ ತೋಟ ಇಲ್ಲದವರು ಇದರಿಂದ ಏನು ಕಲಿಯಬಹುದು?

ಒಳ್ಳೆಯ ಪ್ರಶ್ನೆ ಅಲ್ವಾ? ಮೂವರೂ ಗೋಣಿಕೊಪ್ಪದ ಅಂಗಡಿಯಲ್ಲಿ ಕೂತು ಇದನ್ನೇ ಚರ್ಚಿಸಿದೆವು. ನಮ್ಮ ಹತ್ತಿರ ಬೇರೆಯವರಿಗೆ ಉಪಯೋಗ ಆಗುವಂಥದ್ದು ಏನಿದೆ? ಕೊನೆಗೆ ಸಿಕ್ಕಿದ್ದು ಇದು: ಜನ ತಲೆಮಾರುಗಳಿಂದ ಕೈಯಲ್ಲಿ ಬರೆದುಕೊಂಡು ಬಂದ ಲೆಕ್ಕವನ್ನು, ಅವರ ಅಳತೆ, ಅವರ ತಾರೀಕಿನ ಪದ್ಧತಿ ಕೆಡಿಸದೆ ಕಂಪ್ಯೂಟರಿಗೆ ತರುವುದು ಹೇಗೆ. ಮೀನುಗಾರರ ಪುಸ್ತಕ, ಡೈರಿಯ ಹಾಲಿನ ಲೆಕ್ಕ, ದೇವಸ್ಥಾನದ ಭಂಡಾರದ ಪುಸ್ತಕ, ಎಲ್ಲದಕ್ಕೂ ಈ ಪ್ರಶ್ನೆ ಇದೆ. ಹೊಸ ಪ್ರಪೋಸಲ್‌ನಲ್ಲಿ ನಮ್ಮ ತಂತ್ರಾಂಶ ಒಂದು ಉದಾಹರಣೆಯಾಗಿ ಬಂತು, ವಿಷಯ ಈ ಪ್ರಶ್ನೆಯೇ ಆಯಿತು. ಇದನ್ನು ಬರೆದ ಮೇಲೆ ಕೋಡಿನ ಜೊತೆ ಪರಿಚಯಕ್ಕೆ ಇಡುವ ರೀಡ್‌ಮಿ ಫೈಲಿನ ಮೊದಲ ಪ್ಯಾರಾವನ್ನೂ ಬದಲಿಸಿದೆವು. ಅಲ್ಲಿ ತನಕ ನಾವು ಏನು ಕಟ್ಟುತ್ತಿದ್ದೇವೆ ಅಂತ ನಮ್ಮೊಳಗೇ ಇಷ್ಟು ಸ್ಪಷ್ಟವಾಗಿ ಮಾತಾಡಿಕೊಂಡಿರಲಿಲ್ಲ.

ಹೀಗೆ ಹೊರಟದ್ದು ಬೆಂಗಳೂರಿನ ಇಂಡಿಯಾಫಾಸ್‌ಗೆ. ಫಾಸ್ ಯುನೈಟೆಡ್ ಸಂಸ್ಥೆಯವರು ನಡೆಸುವ ಸಮ್ಮೇಳನ. 2024ರಲ್ಲಿ ಸೆಪ್ಟೆಂಬರ್ 7, 8ರಂದು ನಿಮ್ಹಾನ್ಸ್ ಕನ್ವೆನ್ಶನ್ ಸೆಂಟರಿನಲ್ಲಿತ್ತು. 7ನೇ ತಾರೀಕು ಗಣೇಶ ಚೌತಿ. ಅದಕ್ಕೂ ಮುಂಚೆ 3ಕ್ಕೆ ಕೊಡವರ ಹಬ್ಬ ಕೈಲ್‌ಪೊಳ್ದ್. ಹಬ್ಬದ ನಡುವೆ ಮನೆ ಬಿಟ್ಟು ಹೋಗುವುದಕ್ಕೆ ಅಮ್ಮನಿಗೆ ಸುತರಾಂ ಇಷ್ಟ ಇರಲಿಲ್ಲ. ಊರಿಗೆ ಬರುವ ಬಸ್ಸುಗಳೆಲ್ಲ ತುಂಬಿ ಬರುತ್ತಿದ್ದವು, ನಾವು ಹುಣಸೂರು, ಮೈಸೂರು ದಾರಿಯಲ್ಲಿ ಅವಕ್ಕೆ ಎದುರಾಗಿ ಹೋಗುತ್ತಿದ್ದೆವು.

ಹೊರಡುವ ಮುಂಚಿನ ತಯಾರಿ ಮಾತಿನ ತಯಾರಿಗಿಂತ ದೊಡ್ಡದು. ನನ್ನ ಅಭಿಪ್ರಾಯದಲ್ಲಿ ಸಣ್ಣ ಪ್ರಾಜೆಕ್ಟುಗಳು ಇಲ್ಲೇ ಹೆಚ್ಚು ಸಮಯ ಕೊಡಬೇಕು. ಸ್ಲೈಡ್ ಚೆನ್ನಾಗಿರುವುದು ಆಮೇಲಿನ ಮಾತು. ಕೇಳಿ ಖುಷಿಪಟ್ಟ ಒಬ್ಬರು ಅಲ್ಲೇ ಫೋನ್ ತೆಗೆದು ಕೋಡ್ ಇರುವ ಜಾಗಕ್ಕೆ ಹೋದರೆ ಅವರಿಗೆ ಏನು ಕಾಣುತ್ತದೆ? ನಾವು ಲೈಸೆನ್ಸ್ ಫೈಲ್, ನಡವಳಿಕೆಯ ನಿಯಮ, ಕೊಡುಗೆ ಕೊಡುವುದು ಹೇಗೆ ಅನ್ನುವ ಪುಟ, ಇಷ್ಟನ್ನೂ ಕನ್ನಡ, ಇಂಗ್ಲಿಷ್ ಎರಡರಲ್ಲೂ ಬರೆದೆವು. ಒಂದೇ ಆಜ್ಞೆಯಲ್ಲಿ ಇನ್‌ಸ್ಟಾಲ್ ಆಗುವ ಹಾಗೆ ಮಾಡಿದೆವು. ಹೊಸಬರು ಒಂದು ಸಂಜೆಯಲ್ಲಿ ಮುಗಿಸಬಹುದಾದ ಸಣ್ಣ ಸಣ್ಣ ಕೆಲಸಗಳನ್ನು ಆರಿಸಿ, ಪ್ರತಿಯೊಂದಕ್ಕೂ ಯಾವ ಫೈಲು, ಏನು ಬದಲಾಗಬೇಕು, ಹೇಗೆ ಪರೀಕ್ಷಿಸಬೇಕು ಅಂತ ವಿವರವಾಗಿ ಬರೆದಿಟ್ಟೆವು. ಇಂಥ ಕೆಲಸಗಳನ್ನು ನಾವೇ ಹತ್ತು ನಿಮಿಷದಲ್ಲಿ ಮುಗಿಸಿಬಿಡಬಹುದಿತ್ತು. ಬೇಕಂತಲೇ ಬಿಟ್ಟೆವು. ಮನೆಗೆ ಬಂದವರಿಗೆ ಕೂರಲು ಜಾಗ ಬಿಟ್ಟ ಹಾಗೆ ಅದು.

ಪರೀಕ್ಷೆಗೆ ಬೇಕಾದ ಮಾದರಿ ದತ್ತಾಂಶ ಇನ್ನೊಂದು ವಿಷಯ. ನಿಜವಾದ ತೋಟದ ಅಂಕಿಗಳನ್ನು ಹಾಗೇ ಹಾಕುವಂತಿಲ್ಲ. ಕೋಡ್ ಎಲ್ಲರದ್ದು, ಮಳೆ ಪುಸ್ತಕ ಆ ಮನೆಯದ್ದು. ಯಾವ ತೋಟದಲ್ಲಿ ಹೂಮಳೆ ಚೆನ್ನಾಗಿ ಬಂತು ಅಂತ ಗೊತ್ತಾದರೆ ಫಸಲಿನ ಅಂದಾಜು ಸಿಗುತ್ತದೆ, ವ್ಯಾಪಾರ ಮಾಡುವವರಿಗೆ ಅದು ಬೇಕಾದ ಮಾಹಿತಿ. ಹಾಗಾಗಿ ಊರಿನ ಹೆಸರಿಲ್ಲದ, ನಾವೇ ಹೊಂದಿಸಿದ ಒಂದು ಕಾಲ್ಪನಿಕ ವರ್ಷದ ಪುಸ್ತಕ ಮಾಡಿ ಸೇರಿಸಿದೆವು. ಸಮ್ಮೇಳನದಲ್ಲಿ ಈ ಪ್ರಶ್ನೆಯನ್ನು ತುಂಬ ಜನ ಕೇಳಿದರು: ಓಪನ್ ಸೋರ್ಸ್ ಅಂದಮೇಲೆ ದತ್ತಾಂಶವೂ ತೆರೆದಿಡಬೇಕಲ್ವಾ ಅಂತ. ಇಲ್ಲ, ಎರಡೂ ಬೇರೆ. ಇದನ್ನು ಸಮಾಧಾನವಾಗಿ ವಿವರಿಸಿದರೆ ಎಲ್ಲರೂ ಒಪ್ಪುತ್ತಾರೆ.

ಟೇಬಲ್ ಮೇಲೆ ಇಡಲು ಏನು ಒಯ್ಯುವುದು? ಮಡಿಕೇರಿಯಲ್ಲಿ ಒಂದು ಸಣ್ಣ ಬ್ಯಾನರ್ ಮಾಡಿಸಿದೆವು, ಕೆಲವು ಸ್ಟಿಕ್ಕರ್. ಅದಕ್ಕಿಂತ ಹೆಚ್ಚು ಖರ್ಚು ಮಾಡುವ ಅಗತ್ಯ ಇಲ್ಲ ಅಂತ ನಾನು ಖಂಡಿತವಾಗಿ ಹೇಳುತ್ತೇನೆ. ಟೀ ಶರ್ಟ್ ಹಂಚಿದರೆ ಟೀ ಶರ್ಟಿಗೆ ಜನ ಬರುತ್ತಾರೆ. ನಾವು ಒಯ್ದದ್ದು ಒಂದು ನಿಜವಾದ ಮಳೆ ಮಾಪಕ. ಅಣ್ಣನ ಮನೆಯಲ್ಲಿದ್ದ ಹಳೆಯದು. ಮೇಲೆ ಲೋಹದ ಕೊಳವೆಬಾಯಿ, ಒಳಗೆ ಬಾಟಲಿ, ಜೊತೆಗೆ ಇಂಚಿನ ಗೆರೆಗಳಿರುವ ಅಳತೆ ಗ್ಲಾಸು. ಬಟ್ಟೆಯಲ್ಲಿ ಸುತ್ತಿ ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಹೋದದ್ದು.

ಟೇಬಲಿನ ಹತ್ತಿರ ನಡೆದದ್ದೆಲ್ಲ ಆ ಮಾಪಕದಿಂದಲೇ. ಸುತ್ತ ಎಲ್ಲ ಕಡೆ ಲ್ಯಾಪ್‌ಟಾಪ್, ಪರದೆ. ನಮ್ಮ ಮುಂದೆ ಒಂದು ಪಾತ್ರೆ, ಒಂದು ಗ್ಲಾಸು, ಒಂದು ಚೊಂಬು ನೀರು. "ಇದೇನು?" ಅಂತ ನಿಂತವರ ಕೈಗೆ ಚೊಂಬು ಕೊಡುತ್ತಿದ್ದೆವು. ಸ್ವಲ್ಪ ನೀರು ಸುರಿಯಿರಿ, ಬಾಟಲಿ ತೆಗೆದು ಗ್ಲಾಸಿಗೆ ಬಗ್ಗಿಸಿ, ಈಗ ಎಷ್ಟು ಅಂತ ಓದಿ. ಗ್ಲಾಸಿನಲ್ಲಿ ನೀರಿನ ಮೇಲ್ಮೈ ಅಂಚಿನಲ್ಲಿ ಸ್ವಲ್ಪ ಏರಿ ನಡುವೆ ತಗ್ಗಾಗಿರುತ್ತದೆ. ಕಣ್ಣನ್ನು ಆ ಮಟ್ಟಕ್ಕೆ ತಂದು ತಗ್ಗಿನ ತಳ ಯಾವ ಗೆರೆಯಲ್ಲಿದೆ ಅಂತ ನೋಡಬೇಕು. ದೊಡ್ಡ ದೊಡ್ಡ ಕಂಪನಿಗಳಲ್ಲಿ ಕೆಲಸ ಮಾಡುವವರು ಮೊಣಕಾಲೂರಿ ಕೂತು, ಒಂದು ಕಣ್ಣು ಮುಚ್ಚಿ, "ಇಪ್ಪತ್ತಮೂರು? ಇಪ್ಪತ್ತನಾಲ್ಕಾ?" ಅಂತ ಕೇಳುತ್ತಿದ್ದರು. ಓದಿದ್ದನ್ನು ಅವರೇ ನಮ್ಮ ಲ್ಯಾಪ್‌ಟಾಪಿನಲ್ಲಿ ಬರೆಯುತ್ತಿದ್ದರು. ಅಷ್ಟು ಹೊತ್ತಿಗೆ ನಮ್ಮ ತಂತ್ರಾಂಶ ಯಾಕೆ ಬೇಕು, ಯಾರಿಗೆ ಬೇಕು ಅಂತ ವಿವರಿಸುವ ಅಗತ್ಯವೇ ಇರುತ್ತಿರಲಿಲ್ಲ. ಸಭಾಂಗಣದಲ್ಲಿ ನೆಟ್‌ವರ್ಕ್ ಹೇಗಿದೆ ಅನ್ನುವ ಚಿಂತೆಯೂ ನಮಗಿರಲಿಲ್ಲ, ಎಲ್ಲ ಆಫ್‌ಲೈನ್.

ಹಾಗೆ ನೀರು ಸುರಿದವರಲ್ಲಿ ಹಾಸನ ಕಡೆಯ ಹಿರಿಯ ಪ್ರೋಗ್ರಾಮರ್ ಒಬ್ಬರು ಇದ್ದರು. ತಾವು ಬರೆದ ಅಂಕಿ ಎಲ್ಲಿ ಹೋಗಿ ಕೂತಿತು ಅಂತ ನೋಡಬೇಕು ಅಂದರು. ಡೇಟಾಬೇಸ್ ತೆರೆದು ತೋರಿಸಿದೆ.

"ಸೆಂಟ್ ಬರೆದರೆ ನೀವು ಮಿಲಿಮೀಟರ್ ಮಾಡಿ ಇಡ್ತೀರಲ್ಲ, ಯಾಕ್ರೀ?"

"ಹವಾಮಾನದವರೆಲ್ಲ ಮಿಲಿಮೀಟರ್‌ನಲ್ಲೇ ಲೆಕ್ಕ ಇಡ್ತಾರಲ್ಲ ಸಾರ್, ಹೋಲಿಸೋಕೆ ಸುಲಭ ಅಂತ."

"ವರ್ಷದ ಮೊತ್ತ ಪುಸ್ತಕಕ್ಕೆ ತಾಳೆ ಆಗುತ್ತಾ?"

ಆಗುತ್ತಿರಲಿಲ್ಲ. ಈ ದೂರು ನಮ್ಮ ಪಟ್ಟಿಯಲ್ಲಿ ಬಹಳ ಕಾಲದಿಂದ ಕೂತಿತ್ತು. ಅವರು ಒಂದು ಕಾಗದ ತೆಗೆದುಕೊಂಡು ಬರೆದು ತೋರಿಸಿದರು. ಒಂದು ಇಂಚು ಅಂದರೆ 25.4 ಮಿಲಿಮೀಟರ್. 3 ಸೆಂಟ್ ಮಳೆ ಅಂದರೆ 0.762 ಮಿಲಿಮೀಟರ್. ಒಂದು ದಶಮಾಂಶಕ್ಕೆ ಇಟ್ಟರೆ 0.8. ಒಂದು ದಿನಕ್ಕೆ ಇದು ಏನೂ ಅಲ್ಲ. ಇಂಥ 10 ದಿನ ಬಂದರೆ ಪುಸ್ತಕದಲ್ಲಿ 30 ಸೆಂಟ್, ಪರದೆಯಲ್ಲಿ 8 ಮಿಲಿಮೀಟರ್, ಅದನ್ನು ತಿರುಗಿ ಸೆಂಟಿಗೆ ತಂದರೆ 31. ಅಜ್ಜನ ಕಾಲದಿಂದ ಕೂಡಿಸಿಕೊಂಡು ಬಂದ ಮೊತ್ತಕ್ಕೆ ಕಂಪ್ಯೂಟರಿನ ಮೊತ್ತ ಹೊಂದದೇ ಹೋದರೆ, ತೋಟದವರು ಪುಸ್ತಕವನ್ನೇ ನಂಬುತ್ತಾರೆ. ನಂಬಬೇಕಾದದ್ದೂ ಅದನ್ನೇ. "ಅವರು ಏನು ಬರೆದರೋ ಅದನ್ನೇ ಇಡಿ. ಪೂರ್ಣಾಂಕದಲ್ಲಿ ಸೆಂಟ್, ಪಕ್ಕದಲ್ಲಿ ಅಳತೆ ಯಾವುದು ಅಂತ. ಮಿಲಿಮೀಟರ್ ಬೇಕಾದವರಿಗೆ ತೋರಿಸುವಾಗ ಲೆಕ್ಕ ಹಾಕಿ ತೋರಿಸಿ," ಅಂದರು. ಆಮೇಲೆ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು. ಪೊನ್ನಂಪೇಟೆಯ ಹಿರಿಯರ ಮಾತು ಆಗ ನೆನಪಿಗೆ ಬಂತು. ಹಳೆಯ ದತ್ತಾಂಶವನ್ನು ಹೊಸ ರೂಪಕ್ಕೆ ತರುವ ಕೋಡನ್ನು ಮಧ್ಯಾಹ್ನದೊಳಗೆ ಇಬ್ಬರೂ ಸೇರಿ ಬರೆದೆವು. ಗಣೇಶನ ಹಬ್ಬದ ದಿನ ಅವರ ಮನೆಯವರು ಫೋನ್ ಮಾಡುತ್ತಲೇ ಇದ್ದರು.

ತಾರೀಕಿನ ಪ್ರಶ್ನೆಯೂ ಹೀಗೇ ಬಂತು. ಬೆಳಿಗ್ಗೆ ಅಳೆದ ಮಳೆ ಹಿಂದಿನ ರಾತ್ರಿಯದ್ದು. ಅದನ್ನು ಯಾವ ದಿನಕ್ಕೆ ಬರೆಯಬೇಕು? ಹವಾಮಾನ ಇಲಾಖೆಯ ಪದ್ಧತಿಯಲ್ಲಿ ಬೆಳಿಗ್ಗೆ 8.30ಕ್ಕೆ ಮುಗಿಯುವ 24 ಗಂಟೆಯ ಮಳೆ ಆ ಬೆಳಗಿನ ತಾರೀಕಿಗೇ ಸೇರುತ್ತದೆ. ನಮ್ಮ ಕಡೆ ಕೆಲವು ತೋಟಗಳಲ್ಲಿ ಹಾಗೆ, ಕೆಲವು ಕಡೆ ಹಿಂದಿನ ದಿನಕ್ಕೆ ಬರೆಯುತ್ತಾರೆ. ಹವಾಮಾನದ ದತ್ತಾಂಶದ ಜೊತೆ ಕೆಲಸ ಮಾಡಿದ ಹುಡುಗಿಯೊಬ್ಬಳು ಇದನ್ನು ಪ್ರತಿ ತೋಟದ ಸೆಟ್ಟಿಂಗ್ ಆಗಿ ಇಡಬೇಕು ಅಂತ ಹೇಳಿ, ಅಲ್ಲೇ ನಮ್ಮ ಕೆಲಸದ ಪಟ್ಟಿಯಲ್ಲಿ ಒಂದು ಇಶ್ಯೂ ಬರೆದು ಹೋದಳು.

ನನ್ನ ಮಾತು ಎರಡನೇ ದಿನ ಇತ್ತು. ಸರಿಯಾಗಿ ಆಯಿತು, ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದು ಪ್ರಶ್ನೆ ಮಾತ್ರ ಇಲ್ಲಿ ಹೇಳಬೇಕು. ಉಪಗ್ರಹ, ಸ್ವಯಂಚಾಲಿತ ಮಾಪಕ ಎಲ್ಲ ಇರುವಾಗ ಕೈಯಲ್ಲಿ ಅಳೆಯುವುದು ಯಾಕೆ ಅಂತ ಒಬ್ಬರು ಕೇಳಿದರು. ಕೊಡಗು ಸಣ್ಣ ಜಿಲ್ಲೆ. ಆದರೆ ಭಾಗಮಂಡಲದ ಕಡೆ ಬೀಳುವ ಮಳೆಗೂ ಕುಶಾಲನಗರದ ಕಡೆ ಬೀಳುವ ಮಳೆಗೂ ಅಜಗಜಾಂತರ. ಒಂದು ಗುಡ್ಡ ದಾಟಿದರೆ ಲೆಕ್ಕ ಬದಲಾಗುತ್ತದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡಗಳು ಕುಸಿದವು. ಆ ದಿನಗಳಲ್ಲಿ ಯಾವ ಕಣಿವೆಯಲ್ಲಿ ಎಷ್ಟು ಸುರಿಯಿತು ಅನ್ನುವುದು ತೋಟಗಳ ಪುಸ್ತಕಗಳಲ್ಲಿ ಕೂತಿದೆ. ಗೆದ್ದಲು ಹಿಡಿಯುವ ಮುಂಚೆ, ನೀರು ಬೀಳುವ ಮುಂಚೆ ಅದನ್ನು ಉಳಿಸಿಕೊಳ್ಳಬೇಕು ಅನ್ನುವುದು ನನಗೆ ಬಹಳ ಮುಖ್ಯ. ಇಷ್ಟು ಹೇಳುವಾಗ ಗಂಟಲು ಕಟ್ಟಿತು. ಸಭೆಯಲ್ಲಿದ್ದ ಕೊಡಗಿನವರು ಆಮೇಲೆ ಬಂದು ತಮ್ಮ ಮನೆಯ ಪುಸ್ತಕದ ಬಗ್ಗೆ ಹೇಳಿದರು.

ಸಮ್ಮೇಳನ ಮುಗಿದ ಮೇಲಿನ ವಾರ ಎಲ್ಲಕ್ಕಿಂತ ಮುಖ್ಯ. ಅಲ್ಲಿ ಕೈಕುಲುಕಿದವರು ಮನೆಗೆ ಹೋಗಿ ಒಂದು ಸಂಜೆ ಕೂತು ಮೊದಲ ಪುಲ್ ರಿಕ್ವೆಸ್ಟ್, ಅಂದರೆ ತಾವು ಬದಲಿಸಿದ ಕೋಡ್ ಸೇರಿಸಿಕೊಳ್ಳಿ ಅನ್ನುವ ಕೋರಿಕೆ, ಕಳಿಸುತ್ತಾರೆ. ಅದಕ್ಕೆ ಹದಿನೈದು ದಿನ ಉತ್ತರ ಬರದೇ ಇದ್ದರೆ ಅವರು ತಿರುಗಿ ಬರುವುದಿಲ್ಲ. ಹಾಗಾಗಿ ಊರಿಗೆ ಬಂದ ಕೂಡಲೇ ನಮ್ಮಲ್ಲಿ ಸರದಿ ಹಾಕಿಕೊಂಡೆವು. ಬೆಳಿಗ್ಗೆ ಒಬ್ಬರು, ರಾತ್ರಿ ಒಬ್ಬರು. ಬಂದದ್ದಕ್ಕೆಲ್ಲ ಅದೇ ದಿನ ಉತ್ತರ. ಕೋಡ್ ಸೇರಿಸಿಕೊಳ್ಳಲು ಆಗದಿದ್ದರೂ ಯಾಕೆ ಅಂತ ಬರೆಯುವುದು, ಧನ್ಯವಾದ ಹೇಳುವುದು. ಮಳೆ ಜೋರಿದ್ದ ದಿನ ವಿರಾಜಪೇಟೆಯಲ್ಲಿ ಕರೆಂಟು ಹೋದರೆ ಅಣ್ಣ ಗೋಣಿಕೊಪ್ಪದ ಅಂಗಡಿಯ ಯುಪಿಎಸ್‌ನಲ್ಲಿ ಕೂತು ನನ್ನ ಸರದಿಯನ್ನೂ ಮಾಡಿದರು.

ಬಂದವರೆಲ್ಲ ಉಳಿಯಲಿಲ್ಲ. ಹೆಚ್ಚಿನವರು ಒಂದು ಸಣ್ಣ ತಿದ್ದುಪಡಿ ಕಳಿಸಿ ತಮ್ಮ ಕೆಲಸಕ್ಕೆ ಮರಳಿದರು. ಅದೂ ಒಳ್ಳೆಯದೇ. ಉಳಿದವರಲ್ಲಿ ವಯನಾಡಿನ ಒಬ್ಬ ಹುಡುಗ ಇದ್ದಾನೆ. ಅವನ ಮನೆಯಲ್ಲೂ ಕಾಫಿ, ಮೆಣಸು. ನಮ್ಮ ಪರದೆಯ ಪದಗಳೆಲ್ಲ ಮಲಯಾಳಂನಲ್ಲಿ ಬೇಕು ಅಂದ. ಅನುವಾದಕ್ಕೆ ವೆಬ್ಲೇಟ್ ಬಳಸತೊಡಗಿದೆವು. ಅದೂ ಓಪನ್ ಸೋರ್ಸ್ ತಂತ್ರಾಂಶವೇ, ಕೋಡ್ ಗೊತ್ತಿಲ್ಲದವರೂ ಕೂತು ಪದಗಳನ್ನು ತುಂಬಬಹುದು. ಅವನ ಅಕ್ಕ, ಅವಳ ಗೆಳತಿ ಎಲ್ಲ ಸೇರಿ ಮಲಯಾಳಂ ಮುಗಿಸಿದರು. ಅದನ್ನು ನೋಡಿ ಅಣ್ಣನ ಮನೆಯವರು ಕನ್ನಡದ ಪದಗಳನ್ನು ಇನ್ನೊಮ್ಮೆ ಓದಿ, ತೋಟದಲ್ಲಿ ಯಾರೂ ಆಡದ ಪದಗಳನ್ನೆಲ್ಲ ತೆಗೆಸಿದರು.

ಬ್ರಸೆಲ್ಸ್‌ನ ಫಾಸ್‌ಡೆಮ್ ಬಗ್ಗೆಯೂ ಆಸೆ ಇತ್ತು. ಯುರೋಪಿನ ದೊಡ್ಡ ಓಪನ್ ಸೋರ್ಸ್ ಸಮ್ಮೇಳನ ಅದು. ಅಲ್ಲಿನ ಫ್ರೆಂಚ್ ಭಾಷೆಯ ವಿಶ್ವವಿದ್ಯಾಲಯದ ಸೊಲ್ಬೋಷ್ ಕ್ಯಾಂಪಸ್‌ನಲ್ಲಿ ನಡೆಯುತ್ತದೆ. ಟಿಕೆಟ್ ಇಲ್ಲ, ಹೆಸರು ನೋಂದಾಯಿಸುವುದೂ ಇಲ್ಲ, ಸುಮ್ನೆ ಹೋಗಿ ಕೂರಬಹುದು. 2025ರಲ್ಲಿ ಫೆಬ್ರವರಿ 1, 2ಕ್ಕೆ ಇತ್ತು. ಅದು ನಮ್ಮಲ್ಲಿ ರೊಬಸ್ಟಾ ಕೊಯ್ಲಿನ ಸಮಯ, ನಾನು ಹೋಗುವ ಮಾತೇ ಇಲ್ಲ. ಸಿದ್ದಾಪುರದ ಗೆಳತಿ ಆ ಹೊತ್ತಿಗೆ ಓದಲು ಜರ್ಮನಿಗೆ ಹೋಗಿದ್ದಳು. ರೈಲಿನಲ್ಲಿ ಹೋಗಿ ಬಂದಳು. ಅಲ್ಲಿ ಒಂದೊಂದು ವಿಷಯಕ್ಕೆ ಒಂದೊಂದು ಕೋಣೆ, ಆ ಕೋಣೆಯಲ್ಲಿ ಯಾರು ಮಾತಾಡಬೇಕು ಅಂತ ಆ ವಿಷಯದವರೇ ಆರಿಸುತ್ತಾರೆ. ನಾವು ಕಳಿಸಿದ ಪ್ರಪೋಸಲ್ ಆಯ್ಕೆ ಆಗಿರಲಿಲ್ಲ. ಕೋಣೆ ತುಂಬಿದರೆ ಬಾಗಿಲಿಗೆ "ಭರ್ತಿಯಾಗಿದೆ" ಅಂತ ಬೋರ್ಡ್ ಬೀಳುತ್ತದೆ, ಹಾಗಾಗಿ ಅವಳು ಹೆಚ್ಚು ಹೊತ್ತು ಕಳೆದದ್ದು ಹೊರಗಿನ ಟೇಬಲ್‌ಗಳ ಸಾಲಿನಲ್ಲೇ. ಫೋನಿನ ಆವೃತ್ತಿಯನ್ನು ಎಫ್-ಡ್ರಾಯ್ಡ್‌ ಅನ್ನುವ ಓಪನ್ ಸೋರ್ಸ್ ಆ್ಯಪ್‌ಗಳ ಸಂಗ್ರಹಕ್ಕೆ ಸೇರಿಸುವ ಬಗ್ಗೆ ಅಲ್ಲಿ ಸಿಕ್ಕ ಒಬ್ಬರ ಹತ್ತಿರ ಕೇಳಿ, ಏನೇನು ಬದಲಾಗಬೇಕು ಅಂತ ಬರೆದುಕೊಂಡು ಬಂದಳು. ಆ ಪಟ್ಟಿಯ ಮೇಲೆ ಈಗಲೂ ಕೆಲಸ ನಡೆದಿದೆ.

ಖರ್ಚಿನ ವಿಷಯ ಕೇಳುವವರಿಗೆ: ಬೆಂಗಳೂರಿಗೆ ನಮ್ಮ ಕೈಯಿಂದಲೇ ಹಾಕಿಕೊಂಡೆವು, ನೆಂಟರ ಮನೆಯಲ್ಲಿ ಉಳಿದೆವು. ಡೆಬ್‌ಕಾನ್ಫ್‌ನಂಥ ಕಡೆ ಪ್ರಯಾಣ, ಊಟ, ವಸತಿಗೆ ನೆರವು ಕೇಳಿ ಅರ್ಜಿ ಹಾಕಬಹುದು. ಕೇಳಲು ಸಂಕೋಚ ಪಡಬೇಕಾಗಿಲ್ಲ. ದೂರದ ಊರಿನವರು, ವಿದ್ಯಾರ್ಥಿಗಳು ಬರಲಿ ಅಂತಲೇ ಅದನ್ನು ಇಟ್ಟಿರುತ್ತಾರೆ. ಗಡುವು ಮಾತ್ರ ತಿಂಗಳುಗಳ ಮುಂಚೆಯೇ ಮುಗಿಯುತ್ತದೆ, ಅದನ್ನು ನೋಡಿಕೊಂಡಿರಬೇಕು.

ಮುಂದಿನ ಪ್ರಪೋಸಲ್ ಈಗ ತಯಾರಾಗುತ್ತಿದೆ. ಈ ಸಲ ನಾನು ಮಾತಾಡುವುದಿಲ್ಲ, ವಯನಾಡಿನ ಹುಡುಗ ಮಾತಾಡುತ್ತಾನೆ. ಗಡಿಯ ಎರಡೂ ಕಡೆಯ ಮಳೆ ಪುಸ್ತಕಗಳನ್ನು ಒಂದೇ ಕೋಡಿನಲ್ಲಿ ನಡೆಸುವುದರ ಬಗ್ಗೆ ಅವನ ಮಾತು. ಕರಡು ಕಳಿಸಿದ್ದಾನೆ. ಕಾಫಿ ತೋಟ ಇಲ್ಲದವರು ಇದರಿಂದ ಏನು ಕಲಿಯಬಹುದು ಅನ್ನುವುದಕ್ಕೆ ಅವನ ಎರಡನೇ ಪ್ಯಾರಾದಲ್ಲಿ ಉತ್ತರ ಇನ್ನೂ ಸರಿಯಾಗಿ ಬಂದಿಲ್ಲ. ಭಾನುವಾರ ಅವನು ಕುಟ್ಟ ದಾರಿಯಲ್ಲಿ ಗೋಣಿಕೊಪ್ಪಕ್ಕೆ ಬರುತ್ತಾನೆ, ಅಂಗಡಿಯಲ್ಲಿ ಕೂತು ಅದನ್ನು ಸರಿ ಮಾಡಬೇಕು.